ಚೆರ್ರಿ ರಾಣಿಗೊಂದು ಪರವಾನಗಿ

ರಜಾ ಶಿಬಿರ, ಬಾರ್ಮತ್, ವೇಲ್ಸ್
9 ಸೆಪ್ಟೆಂಬರ್ 2007

ಸ್ವಸ್ತಿ ಶ್ರೀಮತ್ ಸಮಸ್ತ ಚೆರ್ರಿ ನಿಂಬೆ ಪ್ಲಮ್ ಘಂಟಾ ಮಂಡಲಾಧೀಶ್ವರ, ಮೇಬಲ್‌ಥಾರ್ಪ್ ಕಡಲತೀರದ ಗ್ಯಾರೇಜು ಸಿಂಹಾಸನಾರೂಢ, ತ್ರಿಚಕ್ರ ಚಾಲನ ಚತುರ, ತುಕ್ಕುಕುಲಾಂತಕ, ಸ್ಕ್ರೂಡ್ರೈವರ್‌ಹಸ್ತ, ಶ್ರೀಮನ್ ಮಾರಿಸ್ ಗ್ರೇಬರ್ನ್ ಮಹಾಪ್ರಭುಗಳ ಹರಿದ ಚಪ್ಪಲಿಯೊಳಗಿನ ಪಾದಾರವಿಂದಗಳಿಗೆ, ತಮ್ಮ ಏಕಮಾತ್ರ ಪುತ್ರನೂ ಸದ್ಯಕ್ಕೆ ಹಕ್ಕಿಯೂ ಆಗಿರುವ ಗಿಲ್ಬರ್ಟನು ಕೊಕ್ಕು ನೆಲಕ್ಕೆ ತಾಗುವಂತೆ ಬಗ್ಗಿ ಮಾಡುವ ವಿಜ್ಞಾಪನೆಗಳು.

ಉಭಯಕುಶಲೋಪರಿ. ಇಲ್ಲಿ ನಾನು ಕ್ಷೇಮ. ದಿನಕ್ಕೆ ಮೂರು ಸಲ ಕಡಲಹಕ್ಕಿಯ ವೇಷ ತೊಟ್ಟು, ರಜೆಗೆ ಬಂದ ಮಕ್ಕಳ ಕೈಯಿಂದ ಚಿಪ್ಸ್ ಕಸಿದು ಓಡುವುದು ನನ್ನ ಉದ್ಯೋಗ. ಇದಕ್ಕೆ ಸಂಬಳವನ್ನೂ ಕೊಡುತ್ತಾರೆ. ನಿಜವಾದ ಕಡಲಹಕ್ಕಿಗಳು ಛಾವಣಿಯ ಮೇಲೆ ಸಾಲಾಗಿ ಕೂತು ನೋಡುತ್ತವೆ. ಅವುಗಳ ಮುಖದಲ್ಲಿ ವೃತ್ತಿಮಾತ್ಸರ್ಯ ಎದ್ದು ಕಾಣುತ್ತದೆ.

ತಮ್ಮ ಕೃಪಾಪತ್ರ ತಲುಪಿತು. ಈ ಕಾಲದಲ್ಲೂ ಅಪ್ಪನಿಗೆ ಕಾಗದ ಬರೆಯುವವನು ನೀನೊಬ್ಬನೇ ಎಂದು ಇಲ್ಲಿಯ ಗೆಳೆಯರು ನಗುತ್ತಾರೆ. ಮೂವತ್ತು ವರ್ಷ ಕಡಲದಂಡೆಯ ಆಟದಂಗಡಿಗಳಲ್ಲಿ ಯಂತ್ರ ರಿಪೇರಿ ಮಾಡಿ, ಎರಡೂ ಕಿವಿಗಳನ್ನು ಅಲ್ಲೇ ಬಿಟ್ಟುಬಂದ ಮಹಾನುಭಾವರ ಜೊತೆ ಫೋನಿನಲ್ಲಿ ಮಾತಾಡುವುದೂ ಒಂದೇ, ಬಂಡೆಗೆ ಜೋಗುಳ ಹಾಡುವುದೂ ಒಂದೇ ಎಂದು ನಾನು ಅವರಿಗೆ ತಿಳಿಸಿದ್ದೇನೆ.

ಇನ್ನು ಮುಖ್ಯ ವಿಷಯ. ನಮ್ಮ ಚೆರ್ರಿ ರಾಣಿಯ ಮಾರಾಟದ ಜಾಹೀರಾತನ್ನು ವೆಬ್‌ಸೈಟಿನವರು ಕಿತ್ತುಹಾಕಿದರೆಂದು ಬರೆದಿದ್ದೀರಿ. ಈ ತಿಂಗಳ ಒಂದನೇ ತಾರೀಕಿನಿಂದ ಹೊಸ ಜೂಜು ಕಾನೂನು ಬಂದಿದೆ, ಲೈಸೆನ್ಸ್ ಇಲ್ಲದವರು ಹಣ್ಣಿನ ಯಂತ್ರ, ಅಂದರೆ ಕಾಸು ನುಂಗಿ ಹಣ್ಣಿನ ಚಿತ್ರದ ಚಕ್ರ ತಿರುಗಿಸುವ ಜೂಜಿನ ಪೆಟ್ಟಿಗೆ, ಮಾರುವಂತಿಲ್ಲ ಎಂದರಂತೆ. ಆ ಜಾಹೀರಾತಿನ ಕರ್ತೃವಾದ ನನಗೆ ಇದು ತೀವ್ರ ಆಘಾತ. "ಜನನ 1964. ಮೂರು ಚಕ್ರ, ಒಂದು ಹಿಡಿಕೆ, ಮೈತುಂಬ ಚೆರ್ರಿ. ಮುಂಗೋಪವಿಲ್ಲ. ಒಬ್ಬಳೇ ಯಜಮಾನಿಯ ಕೈಗೆ ಪಳಗಿದವಳು." ಇಂಥ ಸಾಹಿತ್ಯವನ್ನು ಕಿತ್ತುಹಾಕುವವರಿಗೆ ಯಾವ ಕಾನೂನಿನಲ್ಲಿ ಶಿಕ್ಷೆ ಇದೆಯೋ ಹುಡುಕುತ್ತಿದ್ದೇನೆ.

ತಾವು ಚಿಂತಿಸಬಾರದು. ಗ್ಯಾರೇಜಿನಲ್ಲಿ ಒಂಬತ್ತು ಮುದಿ ಯಂತ್ರಗಳನ್ನಿಟ್ಟುಕೊಂಡು, ಒಂದನ್ನು ಮಾರಿ ಇನ್ನೊಂದನ್ನು ತಂದು, ತುಕ್ಕು ತಿಕ್ಕಿ ಕೂರುವ ಮನುಷ್ಯನನ್ನು ಹಿಡಿಯಲು ರಾಣಿಯ ಸರ್ಕಾರ ದಂಡು ಕಳಿಸುವುದಿಲ್ಲ. ರಾಣಿಯನ್ನು ಸದ್ಯಕ್ಕೆ ಮನೆಯಲ್ಲೇ ಇಟ್ಟುಕೊಂಡರೆ ಆಯಿತು. (ಎರಡನೆಯ ರಾಣಿ ಚೆರ್ರಿಯವಳು.)

ತಮ್ಮಂತೆಯೇ ಯಂತ್ರದ ಹುಚ್ಚು ಹಿಡಿದ ಗೆಳೆಯ ಕ್ಲೆಮ್ ಮಾಮನಿಗೆ ನನ್ನ ನಮಸ್ಕಾರ ಹೇಳಿ. ಕಡಲತಡಿಯ ಸವಾರಿ ಕತ್ತೆಗಳ ನಡತೆಯ ಬಗ್ಗೆ ಅವರು ಹಸಿರು ಶಾಯಿಯಲ್ಲಿ, ಹನ್ನೊಂದು ಅಂಶಗಳಲ್ಲಿ ಬರೆದ ದೂರು ಎಂದಿನಂತೆ ಕೌನ್ಸಿಲ್ ಕಚೇರಿಯ ಕಸದಬುಟ್ಟಿ ಸೇರಿತೇ? ಯಾರಾದರೂ ಯಂತ್ರಗಳ ಬಗ್ಗೆ ವಿಚಾರಿಸಲು ಬಂದಿದ್ದರೇ? ಬರಲಾರರು. ಸುಮ್ಮನೆ ಕೇಳಿದೆ.

ಇಂತು ತಮ್ಮ ಮುಖ್ಯ ಕಾನೂನು ಸಲಹೆಗಾರ (ಸ್ವಯಂಘೋಷಿತ),
ಗಿಲ್


ಮೇಬಲ್‌ಥಾರ್ಪ್
19 ಸೆಪ್ಟೆಂಬರ್ 2007

ಗಿಲ್,

ನಿನ್ನ ಪತ್ರದ ಮೊದಲ ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಟೀ ಆರಿಹೋಯಿತು.

ಬರಲಾರರು ಎಂದಿದ್ದೆ. ಬಂದಿದ್ದರು. ಮೊನ್ನೆ ಸೋಮವಾರ ಕೌನ್ಸಿಲ್‌ನ ಲೈಸೆನ್ಸ್ ವಿಭಾಗದಿಂದ ಮಿಸ್ ಪಿಕ್‌ವೆಲ್ ಎಂಬ ಹೆಂಗಸು. ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಒಳ್ಳೆಯ ಹುಡುಗಿ. ನನಗೆ ಕೇಳಿಸುವುದಿಲ್ಲ ಎಂದು ಗೊತ್ತಾದ ಮೇಲೆ ಮುಖ ನನ್ನ ಕಡೆ ತಿರುಗಿಸಿ, ತುಟಿ ಬಿಡಿಸಿ ಮಾತಾಡಿದಳು. ಎಲ್ಲರೂ ಹಾಗೆ ಮಾಡುವುದಿಲ್ಲ.

ಗ್ಯಾರೇಜು ತೋರಿಸಿದೆ. ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು. ಅವಳಿಗೆ ಆಸಕ್ತಿ ಇದೆ ಅಂದುಕೊಂಡೆ. ಪ್ಲಮ್ ಬ್ರೆಡ್ಡೂ ಚೀಸೂ ಕೊಟ್ಟೆ. ಇದುವರೆಗೆ ಎಷ್ಟು ಯಂತ್ರ ಸರಿಮಾಡಿದ್ದೀರಿ ಅಂದಳು. ನಾನು ಆಲ್ಬಮ್ ತಂದೆ. ತೊಂಬತ್ತೊಂದರಿಂದ ಮಾರಿದ ಹದಿನೇಳು ಯಂತ್ರಗಳು, ಬಂದಾಗ ಹೇಗಿತ್ತು, ಹೋಗುವಾಗ ಹೇಗಿತ್ತು, ಯಾರ ಮನೆಗೆ ಹೋಯಿತು, ಎಲ್ಲ ಫೋಟೊ ಸಮೇತ. ಮೂರನೇ ಪುಟ ತಿರುಗಿಸುವಾಗ ಅವಳು ಪೆನ್ನು ಕೆಳಗಿಟ್ಟಳು.

"ಮಿಸ್ಟರ್ ಗ್ರೇಬರ್ನ್, ದಯವಿಟ್ಟು ಇದನ್ನ ನಂಗೆ ತೋರಿಸ್ಬೇಡಿ" ಅಂದಳು.

ಆಮೇಲೆ ಹೇಳಿದಳು. ಮಾರುವುದಕ್ಕೆ ಲೈಸೆನ್ಸ್ ಬೇಕು, ಬೇರೆಯವರದನ್ನು ರಿಪೇರಿ ಮಾಡುವುದಕ್ಕೂ ಬೇಕು. ಅದು ವ್ಯಾಪಾರಸ್ಥರ ಲೈಸೆನ್ಸ್, ನನ್ನಂಥವನಿಗೆ ನಿಲುಕುವುದಲ್ಲ. ನನ್ನವನ್ನು ನಾನು ಇಟ್ಟುಕೊಂಡು ನೋಡಿಕೊಂಡಿರಬಹುದು. ಹವ್ಯಾಸಿಗೆ ಒಂದು ದಾರಿ ಇದೆಯಂತೆ, ಒಂದೇ ಯಂತ್ರ ಮಾರಲು ಪರವಾನಗಿ. ಒಂದು ಯಂತ್ರ, ಒಂದು ಸಲ. ಅರ್ಜಿ ತುಂಬಲು ಅವಳೇ ಸಹಾಯ ಮಾಡಿದಳು. ರಾಣಿಯ ಹೆಸರಿನಲ್ಲಿ ಹಾಕಿದ್ದೇನೆ. ಈಸ್ಟರ್‌ನಲ್ಲಿ ನಿನ್ನನ್ನು ಕೇಳಿಯೇ ತೀರ್ಮಾನ ಮಾಡಿದ್ದಲ್ಲವೇ.

ಅವಳು ತಾನಾಗಿ ಬಂದದ್ದಲ್ಲ. ದೂರು ಬಂದಿದೆ. ಯಾರು ಅಂತ ಹೇಳುವಂತಿಲ್ಲ ಅಂದಳು. ಆದರೆ ಅವಳ ಫೈಲಿನ ಹಾಳೆ ಕಿಟಕಿಯ ಬೆಳಕಿಗೆ ಬಂದಾಗ ಹಿಂದಿನಿಂದ ಕಂಡಿತು. ಹಸಿರು ಶಾಯಿ. ಹನ್ನೊಂದನೇ ಅಂಶದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿದಳು.

ಈ ಊರಿನಲ್ಲಿ ಹಸಿರು ಶಾಯಿಯಲ್ಲಿ ಹನ್ನೊಂದು ಅಂಶ ಬರೆಯುವವನು ಒಬ್ಬನೇ.

ಈಸ್ಟರ್ ಹೊತ್ತಿಗೆ ಕ್ಲೆಮ್‌ನ ಪೆನ್ನು ನಮ್ಮ ಗ್ಯಾರೇಜಿನಲ್ಲಿ ಕಳೆದುಹೋಯಿತು, ನಿನಗೆ ಗೊತ್ತಿರಲಿಕ್ಕಿಲ್ಲ. ಅವನ ಅಪ್ಪನದು. ನೀನೇ ಎಲ್ಲೋ ಎತ್ತಿಟ್ಟಿದ್ದೀಯ ಅಂದ. ನಾನು ಯಾಕೆ ಎತ್ತಿಡಲಿ ಅಂದೆ. ಮಾತಿಗೆ ಮಾತು ಬೆಳೆಯಿತು. ಅವನು ಅಂಥದೇ ಶಾಯಿಯ ಇನ್ನೊಂದು ಪೆನ್ನು ಕೊಂಡುಕೊಂಡ, ಇಬ್ಬರೂ ಮರೆತೆವು ಅಂದುಕೊಂಡಿದ್ದೆ. ಅವನು ಮರೆತಿರಲಿಲ್ಲ ಅಂತ ಈಗ ಗೊತ್ತಾಯಿತು. ಇಪ್ಪತ್ತೆರಡು ವರ್ಷದಿಂದ ಪ್ರತಿ ಗುರುವಾರ ನನ್ನ ಗ್ಯಾರೇಜಿನಲ್ಲಿ ಕೂತು ಟೀ ಕುಡಿದವನು. ಒಂದು ಪೆನ್ನಿಗೆ.

ಈ ಗುರುವಾರ ಬಾಗಿಲು ತೆಗೆಯುವುದಿಲ್ಲ.

ಅಪ್ಪ


ಬಾರ್ಮತ್
30 ಸೆಪ್ಟೆಂಬರ್ 2007

ಅಖಂಡ ಗ್ಯಾರೇಜು ಮಂಡಲೇಶ್ವರರಾದ ತೀರ್ಥರೂಪರ ಸನ್ನಿಧಿಗೆ ಮುಖ್ಯ ಕಾನೂನು ಸಲಹೆಗಾರನ ಪ್ರಥಮ ಅಭಿಪ್ರಾಯ, ಗುಟ್ಟಿನದು, ಓದಿ ನುಂಗತಕ್ಕದ್ದು.

ಶಿಬಿರದ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಆ ಕಾನೂನನ್ನು ಪೂರ್ತಿ ಓದಿದೆ. ಹಕ್ಕಿವೇಷದಲ್ಲೇ ಓದಿದ್ದರಿಂದ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಕಂಡುಬಂದ ಸಂಗತಿಗಳು ಹೀಗಿವೆ. ಯಂತ್ರವನ್ನು ಮಾರುವುದು ತಪ್ಪು. ಆದರೆ ಅದನ್ನು ಗುಜರಿಯಾಗಿ, ಅಂದರೆ ಇನ್ನೆಂದೂ ಆಡಲು ಬಾರದಂತೆ ಒಡೆದು ಕೊಟ್ಟರೆ ತಪ್ಪಿಲ್ಲ. ಮನುಷ್ಯರಿಗೆ ಸಂಬಂಧಿಸಿದ ಹಾಗೆ ಇಂಥ ಕಾನೂನು ಸದ್ಯಕ್ಕಿಲ್ಲದಿರುವುದು ನಮ್ಮ ಪುಣ್ಯ. ಇನ್ನೊಂದು, ಕಟ್ಟಡವನ್ನೇ ಮಾರುವಾಗ ಅದರೊಳಗೆ ಯಂತ್ರವಿದ್ದರೆ ಅದು ಜೊತೆಯಲ್ಲಿ ಹೋಗಬಹುದೆಂದು ನನಗೆ ಅರ್ಥವಾಯಿತು. ಹೀಗಾಗಿ ನನ್ನ ಸಲಹೆ: ಸಟನ್ ತೀರದಲ್ಲಿರುವ ನಮ್ಮ ಮರದ ಗೂಡಿನೊಳಗೆ ಒಂಬತ್ತೂ ಯಂತ್ರಗಳನ್ನು ತುರುಕಿ ಗೂಡನ್ನೇ ಮಾರತಕ್ಕದ್ದು. ಅದರೊಳಗೆ ಎರಡು ಮಡಿಸುವ ಕುರ್ಚಿ ಇಟ್ಟರೆ ಮೂರನೆಯವನು ಹೊರಗೆ ನಿಲ್ಲಬೇಕೆಂಬುದು ನಿಜ. ಎಂಜಿನಿಯರಿಂಗ್ ತಮಗೆ ಬಿಟ್ಟದ್ದು.

ಪರವಾನಗಿಯ ಬಗ್ಗೆ ಒಂದು ಮಾತು. ಒಂದೇ ಯಂತ್ರಕ್ಕೆ ಅಂದಮೇಲೆ ಅದನ್ನು ರಾಣಿಗೇ ಯಾಕೆ ಖರ್ಚು ಮಾಡಬೇಕು? ಕುಂಟ ಕರ್ನಲ್ ಇದ್ದಾನಲ್ಲ, ಮೂರನೇ ಚಕ್ರ ಯಾವಾಗಲೂ ಅರ್ಧ ನಿಮಿಷ ತಡವಾಗಿ ನಿಲ್ಲುವವನು. ಅವನನ್ನು ಕಳಿಸಿದರೆ ಜಾಗವೂ ಆಗುತ್ತದೆ, ಅವನ ಬಗ್ಗೆ ಕಣ್ಣೀರಿಡುವವರೂ ಇಲ್ಲ. ಯೋಚಿಸಿ.

ಕ್ಲೆಮ್ ಮಾಮನ ವಿಷಯದಲ್ಲಿ ತಾವು ಆತುರಪಟ್ಟಿರೆಂದು ಈ ಬಡ ವಕೀಲನ ನಮ್ರ ಅನಿಸಿಕೆ. ಹಸಿರು ಶಾಯಿ ಅವರ ಪಿತ್ರಾರ್ಜಿತ ಆಸ್ತಿಯೇನಲ್ಲ. ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಹನ್ನೊಂದೂ ಸಾರ್ವಜನಿಕ ಸಂಖ್ಯೆ. ಯಾರೋ ತಲೆಹರಟೆ ಬರೆದಿರಬಹುದು. ಅವರು ಅಂಥವರಲ್ಲ, ಅಪ್ಪ. ಗುರುವಾರ ಬಾಗಿಲು ತೆಗಿ.

ವಿಧೇಯ,
ಗಿಲ್


ಮೇಬಲ್‌ಥಾರ್ಪ್
22 ಅಕ್ಟೋಬರ್ 2007

ಗಿಲ್,

ಕುಂಟ ಕರ್ನಲ್‌ನನ್ನು ಯಾರೂ ಕೊಳ್ಳುವುದಿಲ್ಲ. ರಾಣಿಯ ಪರವಾನಗಿ ಶುಕ್ರವಾರ ಬಂತು. ಲೆಸ್ಟರ್‌ನಿಂದ ಒಬ್ಬರು ನವೆಂಬರ್ ಹತ್ತಕ್ಕೆ ವ್ಯಾನು ತರುತ್ತಾರೆ. ಹೆಸರು ಟ್ರಸ್ಕಾಟ್, ನಿವೃತ್ತ ಮೇಷ್ಟ್ರು, ಮನೆತುಂಬ ಹಳೆಯ ಯಂತ್ರಗಳಂತೆ. ಚೆನ್ನಾಗಿ ನೋಡಿಕೊಳ್ಳುವ ಮನುಷ್ಯ.

ಬೇರೆ ಸಂಗತಿ ಬರೆಯಬೇಕು. ಹೇಗೆ ಬರೆಯುವುದೋ ಗೊತ್ತಿಲ್ಲ.

ಗುರುವಾರ ಮೀನಿನಂಗಡಿಯ ಸಾಲಿನಲ್ಲಿ ಕ್ಲೆಮ್ ನನ್ನ ಮುಂದಿದ್ದ. ತಿರುಗಿ ನೋಡಿ ಏನೋ ಅಂದ. ಗ್ಯಾರೇಜು ಯಾಕೆ ಮುಚ್ಚಿದೆ ಅಂದಿರಬೇಕು. ನಾನು ಹೇಳಿಬಿಟ್ಟೆ. "ಇಪ್ಪತ್ತೆರಡು ವರ್ಷ ನನ್ ಟೀ ಕುಡ್ದು ನನ್ಮೇಲೇ ಬರ್ದಲ್ಲೋ. ನನ್ ಯಂತ್ರದ್ ಮೇಲೆ ಅಷ್ಟು ಕಣ್ಣಿದ್ರೆ ಬಾಯ್ಬಿಟ್ಟು ಕೇಳ್ಬೇಕಿತ್ತು" ಅಂದೆ. ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ. ನನಗೆ ನನ್ನ ದನಿ ಗೊತ್ತಾಗುವುದಿಲ್ಲ. ಅಂಗಡಿಯವನು ಮೀನು ಕರಿಯುವುದನ್ನು ಬಿಟ್ಟು ನಿಂತಿದ್ದ, ಸಾಲಿನವರೆಲ್ಲ ನೆಲ ನೋಡುತ್ತಿದ್ದರು. ಕ್ಲೆಮ್ ತನ್ನ ಪೊಟ್ಟಣ ತೆಗೆದುಕೊಳ್ಳದೆ ಹೋದ.

ನಿನ್ನೆ ಭಾನುವಾರ ಅವನ ಹೆಂಡತಿ ವೆರಾ ಬಂದು ನನ್ನ ತೋಳು ಹಿಡಿದು ಅವರ ಹಿತ್ತಲಿಗೆ ಕರೆದುಕೊಂಡು ಹೋದಳು. ಅವನ ನಾಲ್ಕು ಯಂತ್ರಗಳನ್ನೂ ಹೊರಗೆ ತಂದು ಹುಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿದ್ದ. ಕೈಯಲ್ಲಿ ಬೇಲಿಯ ಗೂಟ ಹೊಡೆಯುವ ದೊಡ್ಡ ಸುತ್ತಿಗೆ. ನಾನು ಬರುವ ತನಕ ಕಾದಿದ್ದ ಅಂತ ಕಾಣುತ್ತದೆ. ನಾನು ನೋಡುತ್ತಿದ್ದೇನೆ ಅಂತ ಖಾತ್ರಿಯಾದ ಮೇಲೆ ಶುರುಮಾಡಿದ. ಅದರಲ್ಲಿ ಒಂದರ ಗಂಟೆಯ ಚಿತ್ರವಿದ್ದ ಚಕ್ರ ನಾವಿಬ್ಬರೂ ಒಂದು ಚಳಿಗಾಲವೆಲ್ಲ ಕೂತು ಮತ್ತೆ ಬಣ್ಣ ಹಾಕಿದ್ದು. ಕಿವಿ ಕೇಳದವನಿಗೂ ಅದು ಕೇಳಿಸಿತು, ಅಂಗಾಲಿನಿಂದ.

ಮುಗಿದ ಮೇಲೆ ಒಂದು ರಟ್ಟಿನ ಮೇಲೆ ಬರೆದು ನನ್ನ ಮುಂದೆ ಹಿಡಿದ. ನನ್ನಂಥ ಕಿವುಡನಿಗೆ ತಪ್ಪು ತಿಳಿಯಬಾರದು ಅಂತ. "ನಾನು ಬರೆದಿಲ್ಲ. ನಂಬುವುದು ಬಿಡುವುದು ನಿನ್ನ ಇಷ್ಟ. ನನ್ನವನ್ನೇ ಉಳಿಸಿಕೊಳ್ಳದವನಿಗೆ ನಿನ್ನ ಯಂತ್ರದ ಮೇಲೆ ಎಲ್ಲಿಯ ಆಸೆ."

ಅದೂ ಹಸಿರು ಶಾಯಿಯಲ್ಲೇ ಇತ್ತು. ಅದೇ ಹಸಿರು. ಅದನ್ನು ನೋಡುತ್ತ ನೋಡುತ್ತ, ನಂಬಬೇಕೆಂದಿದ್ದವನು ನಂಬಲಾರದೆ ಬಂದೆ.

ಗುಜರಿಯಾಗಿ ಒಡೆದರೆ ತಪ್ಪಿಲ್ಲ ಅಂತ ನೀನು ತಮಾಷೆಗೆ ಬರೆದಿದ್ದೆಯಲ್ಲ. ಆ ಸಾಲು ನೆನಪಾಗುತ್ತಿತ್ತು.

ಅಪ್ಪ


ಬಾರ್ಮತ್
4 ನವೆಂಬರ್ 2007

ಶ್ರೀಮನ್ ಮಹಾ

ಈ ಪತ್ರವನ್ನು ಮೂರು ಸಲ ಶುರುಮಾಡಿ ಹರಿದೆ. ಬಿರುದುಗಳು ಇವತ್ತು ಸಾಲಾಗಿ ನಿಲ್ಲುತ್ತಿಲ್ಲ. ಇರಲಿ, ಅಲ್ಲಿಯವರೆಗೆ ಬರೆದದ್ದನ್ನು ಹಾಗೇ ಬಿಟ್ಟಿದ್ದೇನೆ.

ಅಪ್ಪ, ಕ್ಲೆಮ್ ಮಾಮ ಒಡೆದ ನಾಲ್ಕರಲ್ಲಿ ನೀಲಿ ಬಣ್ಣದ್ದೂ ಇತ್ತೇ? ನಾನು ಚಿಕ್ಕವನಿದ್ದಾಗ ಅವರು ಅದರ ಮೇಲೆ ನನ್ನನ್ನು ಕೂರಿಸುತ್ತಿದ್ದರು. ಉತ್ತರ ಬರೆಯಬೇಡ. ಇತ್ತು ಅಂತ ಗೊತ್ತು.

ರಾಣಿಯ ವಿಷಯ. ಅಮ್ಮ ಹೋದ ಮೇಲೆ ಈ ನಾಲ್ಕು ವರ್ಷ ನಾವಿಬ್ಬರೂ ಅದರ ಬಗ್ಗೆ ಮಾತಾಡಿದ್ದೇ ಇಲ್ಲ. ಮಾತಾಡಿದರೆ ಯಂತ್ರದ ಹಾಗೆ ಮಾತಾಡುತ್ತೇವೆ, ಸ್ಪ್ರಿಂಗು, ಬಣ್ಣ, ಹಿಡಿಕೆ ಅಂತ. ನನಗೆ ನೆನಪಿರುವುದು ಬೇರೆ. ನನಗೆ ಒಂಬತ್ತು ವರ್ಷ. ಸಂಜೆ ಐದಕ್ಕೆ ಅಮ್ಮ ಏಪ್ರನ್ ಬಿಚ್ಚಿಟ್ಟು ಗ್ಯಾರೇಜಿಗೆ ಬರುತ್ತಿದ್ದಳು. ನಾನು ಬಕೆಟ್ ಬೋರಲು ಹಾಕಿ ಪಕ್ಕದಲ್ಲಿ ಕೂರುತ್ತಿದ್ದೆ. ರಾಣಿಯ ಬೆನ್ನ ಬಾಗಿಲನ್ನು ನೀನು ತೆಗೆದೇ ಇಟ್ಟಿರುತ್ತಿದ್ದೆ. ಮುಂದಿನಿಂದ ಹಾಕಿದ ಪೆನ್ನಿ ಹಿಂದಿನಿಂದ ಬಾಣಲೆಗೆ ಬೀಳುತ್ತಿತ್ತು, ನಾನು ಎತ್ತಿ ಮತ್ತೆ ಅವಳ ಕೈಗೆ ಕೊಡುತ್ತಿದ್ದೆ. ಆ ಕಾಸುಗಳು ಬೇರೆ ಕಾಸಿನ ಜೊತೆ ಬೆರೆಯಬಾರದು ಅಂತ ಒಂದೊಂದಕ್ಕೂ ಅವಳ ಕೆಂಪು ನೇಲ್ ಪಾಲಿಶ್ ಚುಕ್ಕೆ. "ಇನ್ನೊಂದೇ ಒಂದ್ಸಲ, ಗಿಲ್ಲು" ಅನ್ನುತ್ತಿದ್ದಳು. ನೂರು ಸಲ ಅನ್ನುತ್ತಿದ್ದಳು. ಅದು ನಮ್ಮ ಮನೆಯ ಆಟ ಅಂತಲೇ ನಾನು ತಿಳಿದಿದ್ದೆ. ಬೇರೆ ಮನೆಗಳಲ್ಲಿ ಅಮ್ಮಂದಿರು ಹೀಗೆ ಮಾಡುವುದಿಲ್ಲ ಅಂತ ಬಹಳ ದಿನ ಗೊತ್ತಿರಲಿಲ್ಲ.

ಈಸ್ಟರ್‌ನಲ್ಲಿ ನೀನು ಸಿಂಕಿನ ಕಡೆ ಮುಖ ಮಾಡಿಕೊಂಡು, "ರಾಣೀನ ಮಾರ್ಬಿಡ್ಲೇನೋ" ಅಂದೆ. ನಾನು, "ಮಾರಪ್ಪ, ಪೆಟ್ಟಿಗೆ ತಾನೆ. ಜಾಹೀರಾತು ನಾನೇ ಬರ್ಕೊಡ್ತೀನಿ" ಅಂದೆ. ನೀನು ತಿರುಗಿ ನನ್ನ ತುಟಿ ನೋಡುತ್ತಿದ್ದೆ, ಸರಿಯಾಗಿಯೇ ಓದಿಕೊಂಡೆ. ನಾನೇ ಸರಿಯಾಗಿ ಹೇಳಲಿಲ್ಲ.

ತಮಾಷೆಗೆ ಅಂದದ್ದು ಅಪ್ಪ. ಹತ್ತನೇ ತಾರೀಕಿಗೆ ಮೊದಲು ಇದು ನಿನಗೆ ಸಿಕ್ಕರೆ ಸಾಕು.

ಗಿಲ್


ಮೇಬಲ್‌ಥಾರ್ಪ್
14 ನವೆಂಬರ್ 2007

ಗಿಲ್,

ನಿನ್ನ ಪತ್ರ ಒಂಬತ್ತಕ್ಕೇ ಬಂತು. ಆದರೂ ಟ್ರಸ್ಕಾಟ್‌ಗೆ ಬರಬೇಡಿ ಅನ್ನಲಿಲ್ಲ. ಕೊಟ್ಟ ಮಾತು. ಅದೂ ಅಲ್ಲದೆ ನಿನಗೆ ಗೊತ್ತಿಲ್ಲದ ಒಂದು ವಿಷಯ ಇತ್ತು, ಅದಕ್ಕೇ ಕಳಿಸಿಬಿಡಬೇಕು ಅಂತ ಇದ್ದೆ.

ನಿನ್ನ ಅಮ್ಮ ಐರೀನ್‌ಗೆ ಯಂತ್ರದ ಚಟ ಹತ್ತಿದ್ದು ಆಟದಂಗಡಿಯಲ್ಲಿ, ನೀನು ಹುಟ್ಟುವುದಕ್ಕೆ ಮುಂಚೆ. ಮನೆಯ ದುಡ್ಡು, ಅವಳ ತಾಯಿಯ ಉಂಗುರ, ನಿನಗೆ ಅಂತ ಕೊಂಡಿದ್ದ ತೊಟ್ಟಿಲು. ಅದು ನಿನಗೆ ಗೊತ್ತು. ಗೊತ್ತಿಲ್ಲದ್ದು ಏನು ಅಂದರೆ, ಆ ಯಂತ್ರವೇ ಈ ರಾಣಿ. ಬೆಳಿಗ್ಗೆ ನಾನು ಎಣ್ಣೆ ಹಾಕಿ ಸರಿಮಾಡಿದ ಯಂತ್ರದ ಮುಂದೆ ಸಂಜೆ ಅವಳು ನಿಲ್ಲುತ್ತಿದ್ದಳು. ಚೆನ್ನಾಗಿ ಕೆಲಸ ಮಾಡುತ್ತಿತ್ತು. ನಾನು ಮಾಡಿದ್ದಲ್ಲವೇ. ಒಂದು ದಿನವೂ ಕೆಟ್ಟು ನಿಲ್ಲಲಿಲ್ಲ. ಬೇಕೆಂತಲೇ ಒಂದು ಸ್ಕ್ರೂ ಸಡಿಲ ಬಿಡಬಹುದಿತ್ತು, ಕೈ ಬರಲಿಲ್ಲ. ಅಂಗಡಿಯವರು ಅದನ್ನು ಎಸೆಯುವಾಗ ಮನೆಗೆ ತಂದೆ. ಬೆನ್ನ ಬಾಗಿಲು ಬಿಚ್ಚಿಟ್ಟೆ, ಹಾಕಿದ್ದೆಲ್ಲ ವಾಪಸು ಬರುವ ಹಾಗೆ. ಆಮೇಲೆ ಅವಳು ದಂಡೆಯ ಕಡೆ ಹೋಗಲಿಲ್ಲ. ಜನ ಅದನ್ನು ನನ್ನ ಹವ್ಯಾಸ ಅಂದರು. ನಾನೂ ಹಾಗೇ ಅಂದುಕೊಂಡೆ. ಬೇರೆ ಎಂಟು ಯಂತ್ರ ತಂದದ್ದು ಅದು ಒಂಟಿಯಾಗಿ ಕಾಣಬಾರದು ಅಂತ.

ಈ ಹೊಸ ಕಾನೂನಿಗೆ ಬೈಯುವವರ ಜೊತೆ ನಾನು ಪೂರ್ತಿ ಸೇರಲಾರೆ. ಐರೀನ್‌ಗೆ ಆದದ್ದು ಇನ್ನೊಬ್ಬಳಿಗೆ ಆಗಬಾರದು ಅಂತಲೇ ಮಾಡಿದ್ದಿರಬೇಕು. ಆದರೆ ಬೆನ್ನ ಬಾಗಿಲು ತೆಗೆದಿಟ್ಟ ಯಂತ್ರ ಯಾವುದು, ಮುಚ್ಚಿದ್ದು ಯಾವುದು ಅಂತ ಕಾನೂನಿಗೆ ಕಾಣುವುದಿಲ್ಲ. ಇದನ್ನು ಮಿಸ್ ಪಿಕ್‌ವೆಲ್‌ಗೆ ಹೇಳಬೇಕೆಂದಿದ್ದೆ. ಪ್ಲಮ್ ಬ್ರೆಡ್ ಕೊಟ್ಟು ಕಳಿಸಿದೆ.

ಶನಿವಾರ ಟ್ರಸ್ಕಾಟ್ ಬಂದರು. ಒಳ್ಳೆಯ ಮನುಷ್ಯ. ಹಿಡಿಕೆ ಎಳೆದು ನೋಡಿದರು. ನಾನು ಯಂತ್ರದ ಪಕ್ಕೆಯ ಮೇಲೆ ಅಂಗೈ ಇಟ್ಟುಕೊಂಡಿದ್ದೆ. ನನಗೆ ಈಗ ಹಾಗೇ ಕೇಳಿಸುವುದು. ಒಂದು ಚಕ್ರ ನಿಂತಿತು, ಎರಡನೆಯದು, ಮೂರನೆಯದು. ಅವರು ಬೆನ್ನ ಬಾಗಿಲ ಹತ್ತಿರ ಬಗ್ಗಿ ಬಾಣಲೆಯಿಂದ ಒಂದು ಪೆನ್ನಿ ಎತ್ತಿ, ಕೆಂಪು ಚುಕ್ಕೆ ನನಗೆ ತೋರಿಸಿ, "ಈ ಕಾಸುಗಳೂ ಜೊತೇಲಿ ಬರುತ್ವಾ?" ಅಂದರು.

ನಾನು ಅವರ ಕೈಯಿಂದ ಆ ಪೆನ್ನಿ ತೆಗೆದುಕೊಂಡೆ. ಮತ್ತೆ ಬಾಣಲೆಗೇ ಹಾಕಿ ಯಂತ್ರದ ಮುಂದೆ ನಿಂತೆ. ಅವರೇ ಟೋಪಿ ಹಾಕಿಕೊಂಡರು. ಖಾಲಿ ವ್ಯಾನು ತೆಗೆದುಕೊಂಡು ಹೋದರು, ಕೋಪ ಮಾಡಿಕೊಳ್ಳಲಿಲ್ಲ. ಪರವಾನಗಿ ಡ್ರಾಯರಿನಲ್ಲಿದೆ. ರಾಣಿ ಇಲ್ಲೇ ಇರುತ್ತಾಳೆ.

ಒಂದು ಲೆಕ್ಕದಲ್ಲಿ ಆ ದೂರಿನಿಂದ ಒಳ್ಳೆಯದೇ ಆಯಿತು. ಅದು ಬರದಿದ್ದರೆ ಸೆಪ್ಟೆಂಬರ್‌ನಲ್ಲೇ ಯಾರಿಗೋ ಕೈಯಿಂದ ಕೈಗೆ ಕೊಟ್ಟುಬಿಡುತ್ತಿದ್ದೆ. ಹೀಗಾಗಿ ಕ್ಲೆಮ್‌ಗೆ ಒಂದು ಥ್ಯಾಂಕ್ಸ್ ಬಾಕಿ ಇದೆ. ಆದರೆ ನಾನು ಹೇಳಲಾರೆ, ಅವನು ಕೇಳಲಾರ. ಮೂರು ವಾರದಿಂದ ಅವನು ಮನೆಯಿಂದ ಹೊರಗೆ ಬಂದಿಲ್ಲ. ಪತ್ರಿಕೆಯಲ್ಲಿ ಅವನ ಒಂದು ದೂರೂ ಇಲ್ಲ. ಕತ್ತೆಗಳು ಮನಬಂದಲ್ಲಿ ನಿಲ್ಲುತ್ತಿವೆ. ವೆರಾ ದಾರಿಯಲ್ಲಿ ಸಿಕ್ಕಳು, ಮುಖವನ್ನು ನನ್ನ ಕಡೆ ತಿರುಗಿಸಿ ನಿಧಾನವಾಗಿ ಹೇಳಿದಳು, "ಶಾಯಿ ಬಾಟ್ಲೀನೂ ಕಸಕ್ಕೆ ಹಾಕ್ಬಿಟ್ರು, ಮಾರಿಸ್. ಯಾರ್ ಏನ್ ಬರೆದ್ರೂ ನಾನೇ ಬರ್ದೆ ಅಂತಾರೆ ಅಂತ."

ಆದರೂ ಕ್ಷಮಿಸುವುದು ನನ್ನಿಂದ ಆಗುವುದಿಲ್ಲ. ಗುರುವಾರ ಬಂತೆಂದರೆ ಎರಡು ಲೋಟ ತೆಗೆದಿಟ್ಟು, ಆಮೇಲೆ ಒಂದನ್ನು ಒಳಗಿಡುತ್ತೇನೆ.

ಅಪ್ಪ


ಬಾರ್ಮತ್
20 ನವೆಂಬರ್ 2007

ಅಪ್ಪ,

ಲಕೋಟೆ ಒಡೆದ ಕೂಡಲೇ ಕಂಡಿರಬೇಕು ನಿನಗೆ. ಹೌದು, ಹಸಿರು.

ಹನ್ನೊಂದು ಅಂಶಗಳನ್ನೂ ನಾನೇ ಬರೆದೆ. ಸೆಪ್ಟೆಂಬರ್ ಮೂರರಂದು, ಇದೇ ಮೇಜಿನ ಮೇಲೆ, ಪಕ್ಕದಲ್ಲಿ ಹಕ್ಕಿಯ ತಲೆ ಇಟ್ಟುಕೊಂಡು. ರಾಣಿ ಜಾಹೀರಾತಿನಲ್ಲಿ ಬಂದಿದ್ದಾಳೆ ಅಂತ ನೀನು ಬರೆದಾಗ ಮಾರಬೇಡ ಅನ್ನಲು ನನ್ನಿಂದ ಆಗಲಿಲ್ಲ. ಮಾರು ಅಂತ ನಗುತ್ತ ಹೇಳಿದವನು ನಾನೇ ಅಲ್ಲವೇ. ನನ್ನ ಬದಲು ಬೇರೆ ಯಾರಾದರೂ ಬೇಡ ಅನ್ನಲಿ ಅಂತ ಕೌನ್ಸಿಲ್‌ಗೆ ಬರೆದೆ. ಕ್ಲೆಮ್ ಮಾಮನ ಹಾಗೆ ಬರೆದದ್ದು ಯಾಕೆಂದರೆ ಅವರ ದೂರುಗಳನ್ನು ಯಾರೂ ಓದುವುದಿಲ್ಲ. ಬುಟ್ಟಿಗೆ ಹೋಗುತ್ತದೆ ಅಂತ ಅರ್ಧ ನಂಬಿದ್ದೆ. ಹೋಗಬಾರದು ಅಂತ ಇನ್ನರ್ಧ ಆಸೆಪಟ್ಟಿದ್ದೆ. ಬರೆಯುವಾಗ ಖುಷಿಯೂ ಆಗಿತ್ತು. ಏಳನೇ ಅಂಶದಲ್ಲಿ ನಿನ್ನ ಯಂತ್ರಗಳಿಂದ ಕತ್ತೆಗಳ ನೈತಿಕತೆ ಕುಸಿಯುತ್ತಿದೆ ಅಂತ ಬರೆದು ಒಬ್ಬನೇ ನಕ್ಕಿದ್ದೆ. ಮಿಸ್ ಪಿಕ್‌ವೆಲ್ ಅದನ್ನೂ ಓದಿರಬೇಕು, ಪಾಪ.

ಆಮೇಲೆ ನೀನು ಅವರನ್ನು ಅನುಮಾನಿಸಿದೆ. ಆಗಲೇ ಹೇಳಬೇಕಿತ್ತು. ಹೇಳದೆ ನಿನಗೆ ಕಾನೂನು ಸಲಹೆ ಬರೆದೆ. ಗುಜರಿಯ ಸಾಲು ಬರೆದೆ. ಅವರು ಸುತ್ತಿಗೆ ಎತ್ತಿದ ಮೇಲೂ ಹೇಳಲಿಲ್ಲ, ಹತ್ತನೇ ತಾರೀಕು ಹತ್ತಿರ ಇತ್ತು, ರಾಣಿ ಉಳಿಯಲಿ ಅಂತ. ಉಳಿದಳು. ನನಗೆ ಬೇಕಾದ್ದು ಆಯಿತು. ಅದರ ಬೆಲೆಯನ್ನು ಕ್ಲೆಮ್ ಮಾಮ ಕೊಟ್ಟರು.

ಅಮ್ಮ ಒಂದು ಸಲ ನಿನ್ನ ಹತ್ತಿರ ಹೇಳುವುದನ್ನು ನಾನು ಕೇಳಿಸಿಕೊಂಡಿದ್ದೆ. "ಇವ್ನು ನಗಿಸ್ತಿದಾನೆ ಅಂದ್ರೆ ಏನೋ ಮುಚ್ಚಿಡ್ತಿದಾನೆ, ಜೇಬು ನೋಡಿ" ಅಂದಳು. ನೀನು ನೋಡಲಿಲ್ಲ. ಅವತ್ತು ಜೇಬಿನಲ್ಲಿ ಕೆಂಪು ಚುಕ್ಕೆಯ ಪೆನ್ನಿ ಇತ್ತು.

ಈ ಪತ್ರವನ್ನು ಕ್ಲೆಮ್ ಮಾಮನ ಮನೆಗೆ ತೆಗೆದುಕೊಂಡು ಹೋಗು. ಏನೂ ಹೇಳಬೇಡ, ಅವರ ಮುಂದೆ ಹಿಡಿ, ಅವರು ನಿನ್ನ ಮುಂದೆ ಹಿಡಿದ ಹಾಗೆ. ಶಿಬಿರದಲ್ಲಿ ರಜೆ ಕೇಳಿದ್ದೇನೆ. ಇಪ್ಪತ್ತೊಂಬತ್ತು ಗುರುವಾರ. ಮಧ್ಯಾಹ್ನದ ಬಸ್ಸಿಗೆ ಬಂದು ಮೊದಲು ಅವರ ಬಾಗಿಲಲ್ಲಿ ನಿಲ್ಲುತ್ತೇನೆ, ಅವರು ತೆಗೆದರೂ ತೆಗೆಯದಿದ್ದರೂ. ಒಡೆದದ್ದನ್ನು ಗುಜರಿಯವನು ಇನ್ನೂ ಒಯ್ದಿಲ್ಲ ಅನ್ನುವುದಾದರೆ, ಚೂರುಗಳನ್ನು ಬಕೆಟ್‌ಗೆ ತುಂಬಿಸಿಡು. ಸರಿಹೋಗುವುದಿಲ್ಲ ಅಂತ ಗೊತ್ತು. ಆದರೂ ಇಡು. ಲೋಟ ಮೂರು ಇಡು.

ಇನ್ನೊಂದು ಸಣ್ಣದು ಉಳಿದಿದೆ. ಈ ಶಾಯಿ ಅಂಗಡಿಯದಲ್ಲ. ಈಸ್ಟರ್ ದಿನ ಗ್ಯಾರೇಜಿನ ಬೆಂಚಿನ ಮೇಲಿಂದ, ಅವರು ಹುಡುಕಿ ಒದ್ದಾಡುವುದನ್ನು ನೋಡಿ ನಗೋಣ ಅಂತ, ಕ್ಲೆಮ್ ಮಾಮನ ಅಪ್ಪನ ಪೆನ್ನನ್ನು ಜೇಬಿಗೆ ಹಾಕಿಕೊಂಡಿದ್ದೆ. ಐದೇ ನಿಮಿಷಕ್ಕೆ ಅಂತ.

ಗಿಲ್